ಆಲೆಮನೆಯ ಬೆಲ್ಲ, ಶಾಂಪೇನಿನ ಬಾಟಲಿ

ಪ್ರಶ್ನೆ: ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನಿಗೆ ಒಂದು ಹಿಡಿ ಬೆಲ್ಲ, ಚಿಟಿಕೆ ಈಸ್ಟ್ ಹಾಕಿ ಬಿರಡೆ ಬಿಗಿದರೆ ಶಾಂಪೇನ್ ಆಗುತ್ತದೆ ಎಂದು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ನಿಜವೇ? (ಓದುಗರು, ಮಂಡ್ಯ)

ಈ ವರ್ಷ ಇದೇ ಪ್ರಶ್ನೆ ಬರುತ್ತಿರುವುದು ಆರನೆಯ ಸಲ. ಪರವಾನಗಿ ಇಲ್ಲದೆ ವೈನ್ ಮಾಡುವುದು ಅಬಕಾರಿ ಕಾನೂನಿಗೆ ವಿರುದ್ಧ. ಆ ಮಾತು ಹಾಗಿರಲಿ, ನನಗೆ ಚಿಂತೆ ನಿಮ್ಮ ಕಣ್ಣಿನದು.

ವಿಡಿಯೊದ ಮಹಾಶಯ ಅರ್ಧ ಸತ್ಯ ಹೇಳಿದ್ದಾನೆ, ಅದೇ ಅಪಾಯ. ಫ್ರಾನ್ಸಿನ ಶಾಂಪೇನ್ ಪ್ರಾಂತದಲ್ಲೂ ಸಿದ್ಧವಾದ ವೈನಿಗೆ ಸಕ್ಕರೆ, ಈಸ್ಟ್ ಸೇರಿಸಿಯೇ ಬಾಟಲಿಯ ಬಾಯಿ ಮುಚ್ಚುತ್ತಾರೆ. ಎರಡನೆಯ ಹುದುಗುವಿಕೆ ಒಳಗೇ ನಡೆದು, ಹೊರಹೋಗಲು ದಾರಿಯಿಲ್ಲದ ಅನಿಲ ವೈನಿನಲ್ಲಿ ಕರಗುತ್ತದೆ. ಆದರೆ ಅಲ್ಲಿ ‘ಹಿಡಿ’ ಎಂಬ ಅಳತೆಯೇ ಇಲ್ಲ. ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆ ಹಾಕಿದರೆ ಒಂದು ವಾಯುಭಾರದಷ್ಟು ಒತ್ತಡ, 24 ಗ್ರಾಂ ಹಾಕಿದರೆ ಆರು. ಕಾರಿನ ಟೈರಿನಲ್ಲಿರುವುದರ ಸುಮಾರು ಎರಡೂವರೆ ಪಟ್ಟು! ಅದೂ ನೆಲಮಾಳಿಗೆಯ 10–12 ಡಿಗ್ರಿ ತಂಪಿನಲ್ಲಿ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಅದೇ ಅನಿಲ ಇನ್ನೂ ಜೋರಾಗಿ ಒದೆಯುತ್ತದೆ.

ನಿಮ್ಮ ಹಿಡಿಯಲ್ಲಿ 50 ಗ್ರಾಂ ಬೆಲ್ಲ ಎಂದಿಟ್ಟುಕೊಳ್ಳಿ. ಈಸ್ಟ್ ಸಾಯದೆ ಅಷ್ಟನ್ನೂ ತಿಂದರೆ 750 ಮಿಲಿಲೀಟರ್ ಬಾಟಲಿಯಲ್ಲಿ ಒತ್ತಡ ಹದಿನಾಲ್ಕರ ಆಸುಪಾಸಿಗೆ ಹೋಗುತ್ತದೆ. ವೈನಿನಲ್ಲಿ ಮೊದಲೇ ಉಳಿದ ಸಕ್ಕರೆಯ ಲೆಕ್ಕ ಬೇರೆ. ಬೆಲ್ಲದ ತೇವವಂತೂ ಅಚ್ಚಿನಿಂದ ಅಚ್ಚಿಗೆ ಬದಲಾಗುತ್ತದೆ. ಶಾಂಪೇನಿನ ಖಾಲಿ ಬಾಟಲಿಯೇ ಸುಮಾರು 835 ಗ್ರಾಂ ತೂಗುತ್ತದೆ, ತಳ ಒಳಕ್ಕೆ ಚುಚ್ಚಿದಂತಿರುತ್ತದೆ. ಅಂಥ ಗಾಜು ಸಿಗುವ ಮುನ್ನ ಅಲ್ಲಿನ ಕೆಲಸಗಾರರು ಕಬ್ಬಿಣದ ಮುಖವಾಡ ಹಾಕಿಕೊಂಡು ನೆಲಮಾಳಿಗೆಗೆ ಇಳಿಯುತ್ತಿದ್ದರು. ನೀವು ಲುಂಗಿ ಉಟ್ಟು ಉಗ್ರಾಣಕ್ಕೆ ಹೋಗುವವರು.

ನಾನೂ ಒಮ್ಮೆ ಉಳಿದ ಸಕ್ಕರೆಯನ್ನು ಅಳೆಯದೆ ಬಿರಡೆ ಬಿಗಿದಿದ್ದೆ. ಮೈಸೂರಿನ ಮನೆಯಲ್ಲಿ ನಡುರಾತ್ರಿ ಒಂದರ ಹಿಂದೊಂದು ಮೂರು ಬಾಟಲಿ ಸಿಡಿದವು. ಹಸಿರು ಗಾಜಿನ ಚೂರೊಂದು ಉಗ್ರಾಣದ ತೇಗದ ಬಾಗಿಲಿಗೆ, ಸರಿಯಾಗಿ ನನ್ನ ಎದೆಯ ಮಟ್ಟದಲ್ಲಿ ನಾಟಿತ್ತು. ಮೇಲೆ ಬಣ್ಣ ಬಳಿಸಿದ್ದೇವೆ. ಸವರಿದರೆ ಆ ಕುಳಿ ಈಗಲೂ ಬೆರಳಿಗೆ ಸಿಗುತ್ತದೆ.

ಸಿಡಿಯದಿದ್ದರೂ ನಿಮ್ಮ ಕೈಗೆ ಸಿಗುವುದು ಮಡ್ಡಿ. ಶಾಂಪೇನ್ ಪ್ರಾಂತದಲ್ಲಿ ಈಸ್ಟಿನ ಜೊತೆಗೇ ಕನಿಷ್ಠ 12 ತಿಂಗಳು ಮಾಗಿಸಿ, ಬಾಟಲಿಯನ್ನು ತಿರುಗಿಸುತ್ತಾ ತಲೆಕೆಳಗು ಮಾಡಿ, ಸತ್ತ ಈಸ್ಟನ್ನೆಲ್ಲ ಕುತ್ತಿಗೆಗೆ ಇಳಿಸುತ್ತಾರೆ. ಕುತ್ತಿಗೆಯನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಮಡ್ಡಿ ಮಂಜಿನ ಬಿರಡೆಯಂತೆ ಚಿಮ್ಮಿ ಹೋಗುತ್ತದೆ. ಆಮೇಲೆ ಕೊರತೆ ತುಂಬಿ ಕಾರ್ಕ್ ಹಾಕುತ್ತಾರೆ. ಬೆಲ್ಲ ಕಾಯಿಹೋಳಿಗೆಗೆ ಇರಲಿ.

ಪ್ರಶ್ನೆ: ಪ್ರೊಸೆಕ್ಕೊ, ಕಾವಾ ಎಲ್ಲವೂ ಶಾಂಪೇನೇ ಅಲ್ಲವೇ?

ಅಲ್ಲ. ಶಾಂಪೇನ್ ಪ್ರಾಂತದ ನೊರೆವೈನಿಗಷ್ಟೇ ಆ ಹೆಸರು. ಪ್ರೊಸೆಕ್ಕೊ ಈಶಾನ್ಯ ಇಟಲಿಯದು, ಗ್ಲೆರಾ ದ್ರಾಕ್ಷಿಯದು. ಅದರ ಎರಡನೆಯ ಹುದುಗುವಿಕೆ ಸಾಮಾನ್ಯವಾಗಿ ದೊಡ್ಡ ಉಕ್ಕಿನ ತೊಟ್ಟಿಯಲ್ಲಿ. ಹಣ್ಣಿನ ತಾಜಾ ಪರಿಮಳ ಉಳಿಯಲಿ ಎಂದೇ ಹಾಗೆ ಮಾಡುತ್ತಾರೆ, ಕೀಳೆಂದು ಮೂಗು ಮುರಿಯಬೇಡಿ. ಸ್ಪೇನಿನ ಕಾವಾ, ನಮ್ಮ ನಾಸಿಕದ ಕೆಲವು ವೈನ್‌ಗಳು ಬಾಟಲಿಯಲ್ಲೇ ಹುದುಗಿದವು. ಬರೀ ಅನಿಲ ತುಂಬಿದ ಅಗ್ಗದವೂ ಇವೆ. ಅದಕ್ಕಿಂತ ಗೋಲಿ ಸೋಡಾ ವಾಸಿ.

ಪ್ರಶ್ನೆ: ‘ಎಕ್ಸ್‌ಟ್ರಾ ಡ್ರೈ’ ಕೊಂಡರೆ ಸಿಹಿಯಾಗಿತ್ತು. ಮೋಸವೇ?

ಮೋಸವಲ್ಲ, ಕೆಟ್ಟ ನಾಮಕರಣ. ವೈನಿನ ಮಾತಿನಲ್ಲಿ ‘ಡ್ರೈ’ ಎಂದರೆ ಸಿಹಿ ಇಲ್ಲದ್ದು, ಆದರೂ ಇದರಲ್ಲಿ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ ಇರುತ್ತದೆ. ಸಿಹಿ ಬೇಡವಾದರೆ ‘ಬ್ರೂಟ್’ ಕೇಳಿ.

ಪ್ರಶ್ನೆ: ಬಾಟಲಿಯ ಬಾಯಿಗೆ ಬೆಳ್ಳಿ ಚಮಚ ಇಟ್ಟರೆ ನೊರೆ ಉಳಿಯುತ್ತದೆಯೇ?

ಇಲ್ಲ.

ಪ್ರಶ್ನೆ: ದಿನಕ್ಕೊಂದು ಲೋಟ ಕುಡಿದರೆ ರಕ್ತ ಶುದ್ಧಿಯಾಗುತ್ತದೆ ಎಂದು ನಮ್ಮ ವೈದ್ಯರು ಹೇಳುತ್ತಾರೆ.

ವೈದ್ಯರನ್ನು ಬದಲಾಯಿಸಿ.

ಪ್ರಶ್ನೆ: ಆರತಕ್ಷತೆಯಲ್ಲಿ ಕಾರ್ಕ್ ಎತ್ತರಕ್ಕೆ ಹಾರಿಸುವುದು ಹೇಗೆ?

ಹಾರಿಸಬೇಡಿ. ಚೆನ್ನಾಗಿ ತಣ್ಣಗಾಗಿಸಿ, ಜನರಿಲ್ಲದ ಕಡೆಗೆ ವಾಲಿಸಿ, ಕಾರ್ಕನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ನಿಟ್ಟುಸಿರಿನಷ್ಟು ಸದ್ದು ಬಂದರೆ ಸಾಕು. ಬಾಟಲಿ ಅಲ್ಲಾಡಿಸಿ ಹಾರಿಸುವವರ ಮನೆಯ ಮದುವೆಗೆ ನಾನು ಬರುವುದಿಲ್ಲ. ಬಂದರೂ ಊಟ ಮುಗಿಯುವವರೆಗೆ ಕನ್ನಡಕ ತೆಗೆಯುವುದಿಲ್ಲ.