ಹೊಡೆದವರಿಗೂ ಹೊಡೆಸಿಕೊಂಡವರಿಗೂ ಒಂದೇ ಪಾಠವೇ?

ಕಾರಟಗಿಯ ಗುರುಗಳೇ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಾಲ್ಕು ಪುಟದ ಪತ್ರ, ಪೂರ್ತಿ ಅಚ್ಚು ಮಾಡೋಕೆ ಜಾಗ ಇಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡ್ತೇನೆ. ಹೋದ ಸಂಚಿಕೆಯಲ್ಲಿ ನಾನು ಅಮೆರಿಕದ ಟೂಸಾನ್ ಗುಂಡಿನ ದಾಳಿಯನ್ನು ನೆನೆದು, ರಾಜಕೀಯದವರೆಲ್ಲ ನಾಲಿಗೆ ಹಿಡಿತದಲ್ಲಿ ಇಟ್ಟುಕೊಳ್ಳಲಿ ಎಂದು ಬರೆದಿದ್ದೆ. ಅದಕ್ಕೆ ನಿಮ್ಮ ತಕರಾರು ಎರಡು. ಒಂದು, ಕೊಪ್ಪಳದಲ್ಲಿ ಕೂತು ಟೂಸಾನ್ ಬರೆಯುವವನಿಗೆ ಪಕ್ಕದ ಮರಕುಂಬಿ ಕಾಣಲಿಲ್ಲವೇ? ಎರಡು, ಹೊಡೆದವರಿಗೂ ಹೊಡೆಸಿಕೊಂಡವರಿಗೂ ಒಂದೇ ಉಸಿರಲ್ಲಿ "ಸೌಜನ್ಯದಿಂದ ಮಾತಾಡಿ" ಅನ್ನೋದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಲ್ಲವೇ? ಕೊನೆಗೆ, ಬಸವಣ್ಣನ ಮುತ್ತಿನ ಹಾರದ ವಚನ ಹಾಕಿ ಕೈ ತೊಳೆದುಕೊಳ್ಳಬೇಡಿ ಅಂತ ಬೇರೆ ಎಚ್ಚರಿಸಿದ್ದೀರಿ. ಆ ವಚನ ನಿಜಕ್ಕೂ ನನ್ನ ಕರಡಿನಲ್ಲಿ ಇತ್ತು. ಜಾಗ ಸಾಲದೆ ಬಿಟ್ಟಿದ್ದೆ.

ಎರಡನೆಯ ತಕರಾರು ಮೊದಲು. ಅದರಲ್ಲಿ ನೀವು ಮುಕ್ಕಾಲು ಪಾಲು ಸರಿ.

ನಮ್ಮ ಕಡೆ ಗಲಾಟೆ ಆದಮೇಲೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಶಾಂತಿ ಸಭೆ ಕರೀತಾರೆ. ಅಧಿಕಾರಿಗಳು, ಮುಖಂಡರು, ಊರ ಹಿರಿಯರು ಕುರ್ಚಿಯ ಮೇಲೆ. ಮನೆ ಕಳಕೊಂಡವರು ಹಿಂದೆ, ಗೋಡೆಗೆ ಒರಗಿ. "ನಾಳೆ ಇದೇ ಊರಾಗ ಬಾಳಬೇಕಲ್ರೀ, ಹಿಂದಿಂದು ಮರೀರಿ" ಅಂತ ಒಬ್ಬರು ಶುರು ಮಾಡ್ತಾರೆ. ಆಗ ಹಿಂದಿನ ಸಾಲಿನ ಹೆಂಗಸೊಬ್ಬಳು ದನಿ ಏರಿಸಿದರೆ, "ನೋಡವ್ವಾ, ಸಮಾಧಾನದಿಂದ ಮಾತಾಡು" ಅಂತಾರೆ. ಇಂಥ ಸಭೆಗಳಿಗೆ ಕ್ಯಾಮೆರಾ ಹಿಡಿದು ಹೋಗಿ ಮುಂದಿನ ಸಾಲಿನ ಫೋಟೋ ತೆಗೆದು ಬಂದವನು ನಾನು. "ಶಾಂತಿ ಕಾಪಾಡಲು ಕರೆ" ಅಂತ ತಲೆಬರಹ ಕೊಟ್ಟವನೂ ನಾನೇ. ಮೈಕು ಹಿಡಿದು ಕೆರಳಿಸಿದವನಿಗೆ ಅವತ್ತು ಯಾರೂ ಸಮಾಧಾನ ಹೇಳಿರಲಿಲ್ಲ. ಏಟು ತಿಂದವಳಿಗೆ ಮಾತ್ರ ಹೇಳಿದ್ವಿ.

ಮರಕುಂಬಿಯದು ಇದಕ್ಕಿಂತ ದೊಡ್ಡ ಕತೆ. ಗಂಗಾವತಿ ತಾಲ್ಲೂಕಿನ ಆ ಊರಲ್ಲಿ ದಲಿತರಿಗೆ ಕ್ಷೌರದ ಅಂಗಡಿ, ಹೋಟೆಲ್ಲಿನ ಬಾಗಿಲು ಮುಚ್ಚಿತ್ತು ಅನ್ನೋದೇ ಮೂಲ ತಂಟೆ. 2014ರ ಆಗಸ್ಟ್‌ನಲ್ಲಿ ಸಿನಿಮಾಕ್ಕೆ ಹೋದವರ ನಡುವೆ ಆದ ಜಗಳ ಊರಿಗೆ ಬಂತು. ಗುಡಿಸಲುಗಳಿಗೆ ಬೆಂಕಿ ಬಿತ್ತು. ತೀರ್ಪು ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಕೊಪ್ಪಳದ ನ್ಯಾಯಾಲಯ 101 ಜನ ತಪ್ಪಿತಸ್ಥರು ಎಂದು ಹೇಳಿ, 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಆಮೇಲೆ ಮೇಲಿನ ಕೋರ್ಟು, ಜಾಮೀನು ಅಂತ ಅದು ಮುಂದುವರಿಯಿತು, ಅದಿರಲಿ. ಹತ್ತು ವರ್ಷ, ಗುರುಗಳೇ. ಆ ಹತ್ತು ವರ್ಷ ಸಾಕ್ಷಿ ಹೇಳಬೇಕಾದವರು "ಸೌಜನ್ಯ"ಕ್ಕೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡಿದ್ದರೆ ಆ ತೀರ್ಪು ಬರ್ತಿತ್ತೇ? ಇದನ್ನು ಹೋದ ಸಲವೇ ಬರೆಯಬೇಕಿತ್ತು. ದೂರದ ಊರಿನ ಹೆಸರು ಬರೆದರೆ ಇಲ್ಲಿ ಯಾರೂ ಆಫೀಸಿಗೆ ಬಂದು ಕೇಳಲ್ಲ ನೋಡಿ.

ಆದರೂ ಟೂಸಾನ್ ಬಿಟ್ಟುಕೊಡಲ್ಲ. ಅದರಲ್ಲಿ ನಿಮಗೂ ಒಂದು ಉತ್ತರ ಇದೆ.

2011ರ ಜನವರಿ 8, ಶನಿವಾರ ಬೆಳಿಗ್ಗೆ. ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಒಂದು ದಿನಸಿ ಅಂಗಡಿ ಮುಂದೆ ಜನರ ಅಹವಾಲು ಕೇಳ್ತಿದ್ದರು. ಒಬ್ಬ ಬಂದು ತಲೆಗೆ ಗುಂಡು ಹೊಡೆದ. ಅವರು ಬದುಕಿದರು. ಆರು ಜನ ಸತ್ತರು, ಅದರಲ್ಲಿ ಒಂಬತ್ತು ವರ್ಷದ ಹುಡುಗಿಯೂ ಇದ್ದಳು. ಅದರ ಹಿಂದಿನ ವರ್ಷ, ಎದುರಿನ ರಿಪಬ್ಲಿಕನ್ ಪಕ್ಷದ ನಾಯಕಿ ಸಾರಾ ಪೇಲಿನ್ ಅವರ ರಾಜಕೀಯ ಸಮಿತಿ ಒಂದು ನಕ್ಷೆ ಹೊರತಂದಿತ್ತು. ಸೋಲಿಸಬೇಕಾದ 20 ಕ್ಷೇತ್ರಗಳ ಮೇಲೆ ಬಂದೂಕಿನ ಗುರಿಯಂಥ ಗುರುತು. ಗಿಫರ್ಡ್ಸ್ ಕ್ಷೇತ್ರವೂ ಅದರಲ್ಲಿತ್ತು, ಇಂಥದ್ದಕ್ಕೆ ಪರಿಣಾಮ ಇರುತ್ತೆ ಅಂತ ಅವರು ಆಗಲೇ ಟಿವಿಯಲ್ಲಿ ಹೇಳಿದ್ದರು. ಗುಂಡು ಹಾರಿದ ದಿನವೇ ಎಲ್ಲರ ಬೆರಳು ಆ ನಕ್ಷೆಯ ಕಡೆ ಹೋಯಿತು. ಆದರೆ ಕೊಂದವನಿಗೆ ತೀವ್ರ ಮಾನಸಿಕ ಕಾಯಿಲೆ ಇತ್ತು, ಆ ನಕ್ಷೆಗೂ ಅವನಿಗೂ ನಂಟು ಇತ್ತು ಅನ್ನೋದಕ್ಕೆ ಏನೂ ಸಿಗಲಿಲ್ಲ. 2017ರಲ್ಲಿ ಇನ್ನೊಬ್ಬ ಬಂದೂಕುಧಾರಿ, ಈ ಸಲ ಪೇಲಿನ್ ಪಕ್ಷದ ಸಂಸದರ ಮೇಲೆಯೇ, ಬೇಸ್‌ಬಾಲ್ ಅಭ್ಯಾಸದ ವೇಳೆ ಗುಂಡು ಹಾರಿಸಿದ. ಅವತ್ತು ದಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯದಲ್ಲಿ ಆ ಹಳೆಯ ನಕ್ಷೆಗೂ ಟೂಸಾನ್‌ಗೂ ನೇರ ನಂಟು ಕಟ್ಟಿಬಿಟ್ಟರು. ಮರುದಿನ ತಿದ್ದುಪಡಿ ಹಾಕಬೇಕಾಯಿತು. ಪೇಲಿನ್ ಕೋರ್ಟಿಗೆ ಹೋದರು. 2022ರಲ್ಲೂ 2025ರಲ್ಲೂ ಜ್ಯೂರಿ ಪತ್ರಿಕೆಯ ಪರವಾಗಿಯೇ ತೀರ್ಪು ಕೊಟ್ಟಿತು, ಆದರೆ ಅವಸರದಲ್ಲಿ ಸೇರಿಸಿದ ಆ ಮಾತಿಗೆ ಎಂಟು ವರ್ಷ ಅಲೆದಾಟ. ಅಂಥ ದೊಡ್ಡ ಪತ್ರಿಕೆಗೇ ಹೀಗಾದರೆ, ನಾವು ಮೂರು ಜನ ಸೇರಿ ತರುವ ಪತ್ರಿಕೆ ಎಷ್ಟು ಹುಷಾರಾಗಿರಬೇಕು!

ನಿಮ್ಮ ಪತ್ರದಲ್ಲೂ ಇಂಥ ಒಂದು ಸಾಲಿದೆ. "ಆ ನಾಯಕನ ಭಾಷಣವೇ ಕಲ್ಲು ಎಸೆಸಿತು" ಅಂತ. ಇರಬಹುದು. ಆದರೆ ಹಾಗೆ ಹಿಡಿದರೆ ಅವನಿಗೆ ತಪ್ಪಿಸಿಕೊಳ್ಳೋಕೆ ಸುಲಭ. "ಕಲ್ಲೆಸೆದ ಹುಡುಗ ನನ್ನ ಭಾಷಣಕ್ಕೆ ಬಂದೇ ಇರಲಿಲ್ಲ" ಅಂದುಬಿಟ್ಟರೆ ಮುಗೀತು, ಆ ಮಾತೂ ತೊಳೆದ ಹಾಗಾಯ್ತು. ಕಲ್ಲು ಬೀಳದೇ ಇದ್ದಿದ್ದರೆ ಆ ಭಾಷಣ ಸರಿ ಆಗ್ತಿತ್ತಾ? ಇಲ್ಲ ಅಲ್ವಾ? ಹಾಗಾದರೆ ಅದನ್ನು ಆಡಿದ ಸಂಜೆಯೇ ಹಿಡಿದು ಕೇಳಬೇಕಿತ್ತು. ರಕ್ತ ಬಿದ್ದ ಮೇಲೆ ಹುಡುಕಿಕೊಂಡು ಹೋಗೋದಲ್ಲ.

"ನಮ್ಮ ಹುಡುಗರೇನು ಬಳೆ ತೊಟ್ಟುಕೊಂಡು ಕೂತಿಲ್ಲ." ಈ ಮಾತು ಕೇಳದ ವೇದಿಕೆ ರಾಯಚೂರಿಂದ ಬಳ್ಳಾರಿವರೆಗೆ ಒಂದಾದರೂ ಇದೆಯಾ? ಎಲ್ಲ ಪಕ್ಷದವರೂ ಆಡ್ತಾರೆ. ಎಂಥ ಜಾಣ ಮಾತು ನೋಡಿ. ಹೊಡೆಯಿರಿ ಅಂತ ಎಲ್ಲೂ ಹೇಳಿಲ್ಲ. ಯಾವ ಜಾತಿ, ಧರ್ಮದ ಹೆಸರೂ ಇಲ್ಲ. ಗುಂಪು ಗುಂಪುಗಳ ನಡುವೆ ದ್ವೇಷ ಹಚ್ಚೋರಿಗೆ ಅಂತ ಇರುವ ಕಲಮು, ಹಿಂದಿನ ಐಪಿಸಿ 153ಎ ಆಗಲಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 196 ಆಗಲಿ, ಯಾವುದಕ್ಕೂ ಸುಲಭಕ್ಕೆ ಸಿಗಲ್ಲ. ಆದರೆ ಕೆಳಗೆ ನಿಂತ ಇಪ್ಪತ್ತರ ಹುಡುಗನಿಗೆ ಅದರ ಅರ್ಥ ಚೆನ್ನಾಗಿ ಗೊತ್ತಾಗುತ್ತೆ: ಸುಮ್ನೆ ಕೂತರೆ ನೀನು ಗಂಡಸಲ್ಲ. ಬಳೆ ತೊಟ್ಟವರು ಅದೇ ಸಭೆಯಲ್ಲಿ ಮುಂದೆ ಕೂತು ಚಪ್ಪಾಳೆ ತಟ್ಟುತ್ತಿರ್ತಾರೆ, ಅದು ಬೇರೆ ಸಂಕಟ. ಮುಂದೆ ಕೇಸು ಬೀಳೋದು ಆ ಹುಡುಗನ ಮೇಲೆ. ವಾಯಿದೆಗೆ ವಾಯಿದೆ ಕೋರ್ಟಿಗೆ ತಿರುಗೋನು, ಬಾಂಡಿಗೆ ಜನ ಹುಡುಕೋನು ಅವನೇ. ಭಾಷಣ ಮಾಡಿದವರು ಅಷ್ಟು ಹೊತ್ತಿಗೆ ಎದುರು ಪಕ್ಷದವರ ಮನೆ ಮದುವೆಯಲ್ಲಿ ಪಕ್ಕಪಕ್ಕ ಊಟಕ್ಕೆ ಕೂತಿರ್ತಾರೆ.

ಇನ್ನು ನಮ್ಮ ಪಾಪ. ನಾಯಕರು ಮಾತಾಡಿದರೆ ನಾವು "ಮಾತಾಡಿದರು" ಅಂತ ಬರೆದದ್ದೇ ಇಲ್ಲ. ಗುಡುಗಿದರು, ಕಿಡಿಕಾರಿದರು, ಚಾಟಿ ಬೀಸಿದರು, ತಿರುಗೇಟು ಕೊಟ್ಟರು. ಸಭೆ ಅಂದರೆ ರಣಕಹಳೆ, ಚುನಾವಣೆ ಅಂದರೆ ಅಖಾಡ. ಇವುಗಳಿಂದಲೇ ಯಾರೋ ಸತ್ತರು ಅಂತ ನಾನು ಹೇಳಲ್ಲ, ಮೇಲೆ ಹೇಳಿದ ಕಾರಣಕ್ಕೇ ಹೇಳಲ್ಲ. ಆದರೆ ಒಂದು ಸಲ "ತಾಕತ್ತಿದ್ದರೆ ಬಾ" ಅನ್ನೋ ಸವಾಲನ್ನು ಮುಖಪುಟಕ್ಕೆ ದಪ್ಪಕ್ಷರದಲ್ಲಿ ಹಾಕಿದ್ದೆವು. ಅಶೋಕ ಸರ್ಕಲ್ಲಿನ ಅಂಗಡಿಯಲ್ಲಿ ಮಧ್ಯಾಹ್ನಕ್ಕೇ ಪ್ರತಿ ಖಾಲಿ. ಅದೇ ಸಂಚಿಕೆಯ ಒಳಪುಟದಲ್ಲಿ ಆ ಇಬ್ಬರೂ ಕುಡಿಯುವ ನೀರಿನ ಯೋಜನೆ ಬಗ್ಗೆ ಏನು ಹೇಳಿದ್ದರು ಅಂತ ಇತ್ತು. ಅದನ್ನು ಓದಿದೆ ಅಂದವರು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಕೊನೆಯ ಕಾಲು ಪಾಲು ಒಪ್ಪದೇ ಇರೋದು ಇಷ್ಟಕ್ಕೆ. ನಮ್ಮ ಸಿಟ್ಟಿಗೆ ಕಾರಣ ಇದೆ, ಆದ್ದರಿಂದ ನಮ್ಮವರು ಏನಂದರೂ ನಡೆಯುತ್ತೆ ಅಂತ ನೀವು ಬರೆದಿರೋದು. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಅವರನ್ನು ಮನೆ ಮುಂದೆ ಕೊಂದಾಗ, ಗಂಟೆಗಳೊಳಗೆ ಫೋನಿನಲ್ಲಿ ಸಂಭ್ರಮ ಪಟ್ಟವರಿದ್ದರು. ಅವರೂ ತಮ್ಮ ಸಿಟ್ಟಿಗೆ ಕಾರಣ ಇದೆ ಅಂತಲೇ ಅಂದುಕೊಂಡಿದ್ದರು. ಜೋರು ಮಾತು ಬೇರೆ, ಅದನ್ನು ನಾನು ತಡೆಯಲ್ಲ. ಹೆಸರು ಹಿಡಿದು, ಮಾಡಿದ್ದನ್ನು ಹಿಡಿದು ಎಷ್ಟು ಬೇಕಾದರೂ ಬೈಯಿರಿ, ಅಚ್ಚು ಹಾಕ್ತೇನೆ. ಆದರೆ ನಿಮ್ಮ ಮೂರನೇ ಪುಟದಲ್ಲಿ ಒಂದು ಇಡೀ ಜಾತಿಯನ್ನು ಹುಳಕ್ಕೆ ಹೋಲಿಸಿದ ಸಾಲಿದೆಯಲ್ಲ, ಅದನ್ನು ಹಾಕಲ್ಲ. ನಲವತ್ತು ವರ್ಷ ಆ ಮನೆಗಳ ಮಕ್ಕಳಿಗೂ ನೀವೇ ಅಕ್ಷರ ಕಲಿಸಿದ್ದೀರಿ.

ನಮ್ಮಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಈ ಸಂಚಿಕೆಯಿಂದ ಗುಡುಗು, ಕಿಡಿ ಎರಡೂ ಬಂದ್. "ಹಾಗಾದ್ರೆ ಏನು ಬರೀಲಿ ಸರ್?" ಅಂತ ನಮ್ಮ ಡೆಸ್ಕಿನ ಹುಡುಗ ಕೇಳಿದ. "ಹೇಳಿದರು ಅಂತ ಬರಿ" ಅಂದೆ. ಸಪ್ಪೆ ಆಗುತ್ತೆ ಅಂತ ಮುಖ ಸಣ್ಣ ಮಾಡಿದ್ದಾನೆ, ಎಷ್ಟು ದಿನ ನಡೆಯುತ್ತೋ ನೋಡೋಣ.

ಒಮ್ಮೆ ಮರಕುಂಬಿಗೆ ಹೋಗಿ ಬನ್ನಿ ಎಂದಿದ್ದೀರಿ. ಹೋಗ್ತೇನೆ. ಬಿಡುವಿದ್ದರೆ ನೀವೂ ಬನ್ನಿ, ಕಾರಟಗಿಯಿಂದ ಗಂಗಾವತಿಗೆ ಬಂದರೆ ಬಸ್ ಸ್ಟ್ಯಾಂಡಿನಿಂದ ಒಟ್ಟಿಗೆ ಹೋಗೋಣ. ಈ ಸಲ ಕುರ್ಚಿ ಮೇಲಿನವರನ್ನು ಆಮೇಲೆ ಮಾತಾಡಿಸ್ತೇನೆ.

– ಸಂಪಾದಕ, ಕೊಪ್ಪಳ