40 ಮಿಲಿ ಮುಗಿಯಲೇಬೇಕಾ? ಮಗುವಿನ ಬೆರಳು ನೋಡಿ

ಪ್ರಶ್ನೆ: ನನ್ನ ಮಗಳು 30 ವಾರಕ್ಕೇ ಹುಟ್ಟಿದಳು. ಆಗ ತೂಕ 1,250 ಗ್ರಾಂ. 33 ದಿನ ಐಸಿಯುನಲ್ಲಿದ್ದಳು. ಮನೆಗೆ ಬಂದು ಎರಡು ವಾರವಾಯಿತು, ಈಗ 2 ಕೆಜಿ. ಮೂರು ಗಂಟೆಗೊಮ್ಮೆ 40 ಮಿಲಿ ಹಾಲು ಕೊಡಿ ಅಂದಿದ್ದಾರೆ. ಎದೆಗೆ ಹಾಕಿದರೆ ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತಾಳೆ. ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಟ್ಟರೆ 25 ಮಿಲಿಗೆ ಬಾಯಿ ಮುಚ್ಚುತ್ತಾಳೆ. ಉಳಿದದ್ದನ್ನು ಅತ್ತೆ ಕಾಲ ಮೇಲೆ ಮಲಗಿಸಿಕೊಂಡು, ಕೆನ್ನೆ ಒತ್ತಿ ಹುಯ್ಯುತ್ತಾರೆ. ಮೊನ್ನೆ ಹಾಲು ನೆತ್ತಿಗೇರಿ ತುಟಿ ನೀಲಿಯಾಯಿತು. "ನಿನಗೆ ಹಾಲೇ ಇಲ್ಲ, ಬಾಟಲಿ ಹಿಡಿ" ಅನ್ನುತ್ತಾರೆ. ಗಂಡ ಪ್ರತಿ ಮಿಲಿಯನ್ನೂ ಫೋನಿನಲ್ಲಿ ಬರೆದಿಡುತ್ತಾರೆ. ಹಾಲು ಕುಡಿಸುವ ಹೊತ್ತಾದರೆ ನನ್ನ ಕೈ ನಡುಗುತ್ತದೆ. ಅತ್ತೆಯನ್ನು ಎದುರು ಹಾಕಿಕೊಳ್ಳಲಾ, ಸುಮ್ಮನಿರಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅತ್ತೆಯ ವಿಷಯ ಆಮೇಲೆ. ತುಟಿ ನೀಲಿಯಾದದ್ದನ್ನು ಡಾಕ್ಟರಿಗೆ ಹೇಳಿದ್ದೀರಾ? ಪತ್ರದಲ್ಲಿ ಅದಿಲ್ಲ. ಇವತ್ತೇ ಮಗುವನ್ನು ತೋರಿಸಿ. ಮತ್ತೆ ಹಾಗಾದರೆ, ಉಸಿರು ನಡುನಡುವೆ ನಿಂತರೆ, ಎರಡು ಹೊತ್ತು ಹಾಲೇ ಮುಟ್ಟದಿದ್ದರೆ, ಮೈ ತಣ್ಣಗಾದರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಈಗ ನಿಮ್ಮ ಮಗಳ ವಯಸ್ಸು ಲೆಕ್ಕ ಹಾಕೋಣ. ನೀವು ಕೊಟ್ಟ ದಿನಗಳನ್ನು ಕೂಡಿಸಿದರೆ ಅವಳಿಗೆ ಇನ್ನೂ 37 ವಾರ ತುಂಬಿಲ್ಲ. ನ್ಯಾಯವಾಗಿ ಅವಳು ಇನ್ನೂ ಮೂರು ವಾರ ಹೊಟ್ಟೆಯಲ್ಲೇ ಇರಬೇಕಿತ್ತು ಅಲ್ವಾ? ಅಲ್ಲಿ ಊಟದ ಚಿಂತೆಯೇ ಇರಲಿಲ್ಲ, ಹೊಕ್ಕುಳಬಳ್ಳಿ ನೋಡಿಕೊಳ್ಳುತ್ತಿತ್ತು. ಇಲ್ಲಿ ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ಈ ಮೂರೂ ಒಂದಕ್ಕೊಂದು ಹೊಂದಿಕೊಳ್ಳುವುದು ಸುಮಾರು 34 ವಾರದಿಂದ. ಗಟ್ಟಿಯಾಗಲು ಇನ್ನೂ ಕೆಲವು ವಾರ ಬೇಕು. ನಾಲ್ಕು ಸಲ ಚೀಪಿ ನಿದ್ದೆ ಹೋಗುವುದು ಸೋಮಾರಿತನವಲ್ಲ, ಸುಸ್ತು. ನಿಮಗೆ ಹಾಲಿಲ್ಲ ಅನ್ನುವುದಕ್ಕೆ ಅದು ಸಾಕ್ಷಿಯೂ ಅಲ್ಲ.

ನಾನು ಈ ಅಂಕಣ ಬರೆಯುವುದಕ್ಕೂ ಮೊದಲು ಬಹಳ ವರ್ಷ ಎಳೆ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಮೊದಮೊದಲು ನಾನೂ ಗಡಿಯಾರ ನೋಡಿಕೊಂಡು ಒಳಲೆ ಖಾಲಿ ಮಾಡಿಸುತ್ತಿದ್ದೆ. ಹಿರಿಯ ಸಿಸ್ಟರ್ ಒಬ್ಬರು ಬೈದರು, "ಒಳಲೆ ಏನು ನೋಡ್ತೀಯ, ಮಗುವಿನ ಕೈ ನೋಡು." ನೋಡಿದೆ. ಖುಷಿಯಿಂದ ಕುಡಿಯುವಾಗ ಬೆರಳು ಮಡಿಸಿ ಎದೆಯ ಹತ್ತಿರ ಇಟ್ಟುಕೊಂಡಿರುತ್ತದೆ. ಸಾಕಾದಾಗ ಐದೂ ಬೆರಳು ಅಗಲಿಸುತ್ತದೆ, ಥೇಟ್ ಟ್ರಾಫಿಕ್ ಪೊಲೀಸ್ ಕೈ ತೋರಿಸಿದ ಹಾಗೆ. ಹುಬ್ಬು ಗಂಟಿಕ್ಕುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ. ಬಾಯಿಯ ಮೂಲೆಯಿಂದ ಹಾಲು ಸೋರುತ್ತದೆ. ಆಗ ಒಳಲೆ ತೆಗೆದು ನೆಟ್ಟಗೆ ಹಿಡಿದುಕೊಳ್ಳಿ. ಎರಡು ನಿಮಿಷ ಬಿಟ್ಟು ಮತ್ತೆ ಬಾಯಿ ತೆರೆದರೆ ಸರಿ, ತೆರೆಯದಿದ್ದರೆ ಮುಗಿಯಿತು. ಒಟ್ಟು ಅರ್ಧ ಗಂಟೆ ಮೀರಬೇಡಿ. ಅದಕ್ಕಿಂತ ಎಳೆದರೆ ಕುಡಿದ ಹಾಲಿನ ಶಕ್ತಿ ಕುಡಿಯುವ ಕಷ್ಟಕ್ಕೇ ಖರ್ಚು.

ಹಾಗಾದರೆ ಉಳಿದ 15 ಮಿಲಿ? ಇಲ್ಲೇ ಒಂದು ಸಣ್ಣ ಗಣಿತವಿದೆ. 40 ಮಿಲಿ ಎಂಟು ಸಲ ಅಂದರೆ ದಿನಕ್ಕೆ 320. ಅದನ್ನೇ ಎರಡು ಗಂಟೆಗೊಮ್ಮೆ, 12 ಸಲಕ್ಕೆ ಹಂಚಿದರೆ ಒಂದು ಸಲಕ್ಕೆ ಸುಮಾರು 27. ನಿಮ್ಮ ಮಗಳು ತಾನಾಗಿ ಕುಡಿಯುತ್ತಿರುವುದು 25! ಅವಳು ಹಟ ಮಾಡುತ್ತಿಲ್ಲ, ನಾವು ಕೇಳುವ ರೀತಿ ಅವಳ ಹೊಟ್ಟೆಗೆ ದೊಡ್ಡದಾಯಿತು ಅಷ್ಟೇ. ಹೀಗೆ ಹಂಚಬಹುದಾ ಅಂತ ಇವತ್ತು ಡಾಕ್ಟರನ್ನೇ ಕೇಳಿ. ಅವರು ಹೂಂ ಅನ್ನುವವರೆಗೆ ಪ್ರಮಾಣವನ್ನು ನೀವಾಗಿ ಕಡಿಮೆ ಮಾಡಬೇಡಿ.

ಒಳಲೆ ಹಿಡಿಯುವ ರೀತಿ ಮಾತ್ರ ಇವತ್ತೇ ಬದಲಾಗಲಿ. ಕಾಲ ಮೇಲೆ ಅಂಗಾತ ಮಲಗಿಸಿ ಹುಯ್ಯುವುದು ಬೇಡವೇ ಬೇಡ. ಮಗುವನ್ನು ಅರ್ಧ ಕೂರಿಸಿದ ಹಾಗೆ ಹಿಡಿದು, ಕತ್ತಿಗೆ ಆಸರೆ ಕೊಡಿ. ಒಳಲೆಯ ಮೂತಿ ಕೆಳತುಟಿಗೆ ತಾಕಲಿ. ಒಂದು ತೊಟ್ಟು ಬಿಡಿ, ಗುಟುಕಿದ ಸದ್ದು ಕೇಳಿಸಲಿ, ಆಮೇಲೆ ಇನ್ನೊಂದು. ಬಾಟಲಿಗೆ ಅವಸರ ಬೇಡ. ಅದರಲ್ಲಿ ಹಾಲು ತಡೆಯಿಲ್ಲದೆ ಬರುತ್ತದೆ, ಉಸಿರಿಗೆ ಬಿಡುವು ಸಿಗುವುದಿಲ್ಲ. ತೊಳೆಯುವ ರಗಳೆಯೂ ಜಾಸ್ತಿ.

ಎದೆಹಾಲಿನ ಪಾಠ ಬೇರೆಯೇ. ದಿನಕ್ಕೆ ಮೂರ್ನಾಲ್ಕು ಸಲ, ಅವಳು ಎಚ್ಚರವಿದ್ದು ತುಟಿ ಆಡಿಸುವಾಗ, ಬರಿಮೈಗೆ ಅಪ್ಪಿಕೊಂಡು ಎದೆಗೆ ಹಿಡಿಯಿರಿ. ಹಾಲು ಚಿಮ್ಮುತ್ತಿದ್ದರೆ ಮೊದಲು ಸ್ವಲ್ಪ ಹಿಂಡಿ ತೆಗೆಯಿರಿ. ನೆಕ್ಕಿದರೂ ಸಾಕು, ಮೂಸಿ ಮಲಗಿದರೂ ಸಾಕು. ಹೊಟ್ಟೆ ತುಂಬಿಸುವುದು ಸದ್ಯಕ್ಕೆ ಒಳಲೆಯ ಕೆಲಸ. ನೀವು ದಿನಕ್ಕೆ ಎಂಟು ಸಲವಾದರೂ ಹಿಂಡುತ್ತಿರಿ, ರಾತ್ರಿ ಒಂದು ಸಲ ಸೇರಿ. ಇಲ್ಲದಿದ್ದರೆ ಅತ್ತೆಯ ಮಾತು ನಿಜವಾಗಿಬಿಟ್ಟೀತು!

ಅತ್ತೆಯನ್ನು ಎದುರು ಹಾಕಿಕೊಳ್ಳಬೇಡಿ, ಕೆಲಸ ಕೊಡಿ. ಅವರ ಕೈ ಸುಮ್ಮನಿರುವ ಕೈಯಲ್ಲ. ನಾಲ್ಕು ಮಕ್ಕಳಿಗೆ ಹಾಗೇ ಹುಯ್ದು ಬೆಳೆಸಿದವರಿರಬಹುದು, ಆದರೆ ಅವು ದಿನ ತುಂಬಿ ಹುಟ್ಟಿದವು. ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ. ಈ ಮಾತು ಡಾಕ್ಟರ ಬಾಯಿಂದ ಬಂದರೆ ಮನೆಯಲ್ಲಿ ಜಗಳವಿಲ್ಲ. ಜೇನು, ಬಜೆ, ಹರಳೆಣ್ಣೆ ನೆಕ್ಕಿಸಬಾರದು ಅನ್ನುವುದನ್ನೂ ಅಲ್ಲೇ ಹೇಳಿಸಿ. ಮನೆಗೆ ಬಂದಮೇಲೆ ಕಾಂಗರೂ ಆರೈಕೆಯನ್ನು ಅವರಿಗೂ ಒಪ್ಪಿಸಿ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಕ್ರಮ ಇದು. ಮಗುವನ್ನು ಎದೆಗೆ ನೆಟ್ಟಗೆ ಅಂಟಿಸಿಕೊಂಡು ಮೇಲೆ ಬಟ್ಟೆ ಸುತ್ತುವುದು. ತಾಯಿಯೇ ಆಗಬೇಕೆಂದಿಲ್ಲ, ಅಜ್ಜಿಯೂ ಮಾಡಬಹುದು, ಅಪ್ಪನೂ ಮಾಡಬಹುದು.

ಇನ್ನು ನಿಮ್ಮ ಯಜಮಾನರು. ಅವರದೂ ಭಯವೇ, ಅಂಕಿಯಾಗಿ ಹೊರಗೆ ಬರುತ್ತಿದೆ. ಬರೆಯಲಿ, ಆದರೆ ರಾತ್ರಿಗೊಂದು ಸಲ ದಿನದ ಮೊತ್ತ ಮಾತ್ರ. ತೂಕ ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ. ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರುತ್ತಿದ್ದರೆ ದಾರಿ ಸರಿಯಿದೆ. ರಾತ್ರಿ ಎರಡು ಗಂಟೆಯ ಒಳಲೆ ಇವತ್ತಿನಿಂದ ಅವರ ಪಾಲಿಗಿರಲಿ. ನೀವು ಹಾಲು ಹಿಂಡಿಟ್ಟು ಮಲಗಿ. ಅವರು ಫೋನು ಬೇರೆ ಕೋಣೆಯಲ್ಲಿಟ್ಟು ಬರಲಿ.