ಓದೋಕೆ ಬಂದವರಿಗೆ ಹೋರಾಟ ಯಾಕೆ?

ಪ್ರಶ್ನೆ: ಸ್ಕಾಲರ್‌ಶಿಪ್ ತಡವಾಯಿತೆಂದು ನಮ್ಮ ಹಾಸ್ಟೆಲಿನ ಹುಡುಗಿಯರು ಧರಣಿ ಕೂತೆವು. 'ಓದೋಕೆ ಬಂದೀರೋ, ಗಲಾಟೆ ಮಾಡೋಕೆ ಬಂದೀರೋ' ಎಂದು ಬೈಸಿಕೊಂಡೆವು. ಅಮೆರಿಕದ ಕಪ್ಪು ವಿದ್ಯಾರ್ಥಿಗಳು ಮುಷ್ಕರ ಹೂಡಿ ತಮ್ಮ ಚರಿತ್ರೆಯನ್ನೇ ಪಾಠಕ್ಕೆ ತಂದರಂತೆ. ನಿಜವೇ ಮೇಡಂ?
– ಎಂ.ಎ. ವಿದ್ಯಾರ್ಥಿನಿ, ರಾಯಚೂರು

ಉತ್ತರ: ನಿಜ ಕಣಮ್ಮಾ. ನಾನು ಬಳ್ಳಾರಿಯಲ್ಲಿ ಇತಿಹಾಸ ಪಾಠ ಮಾಡುವಾಗ ಸಿಲಬಸ್‌ನ ಅಮೆರಿಕ ಲಿಂಕನ್‌ಗೇ ಮುಗಿದುಹೋಗುತ್ತಿತ್ತು. ಮುಂದಿನದನ್ನು ಶನಿವಾರ ಕ್ಲಾಸು ಬಿಟ್ಟ ಮೇಲೆ ಹೇಳುತ್ತಿದ್ದೆ. ಸಿರುಗುಪ್ಪ, ಸಂಡೂರಿನ ಮಕ್ಕಳು ಬಸ್ಸು ಬಿಟ್ಟು ಕೂತು ಕೇಳುತ್ತಿದ್ದರು.

ಅದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜು. ಕಪ್ಪು ವಿದ್ಯಾರ್ಥಿ ಸಂಘ 1968ರ ನವೆಂಬರ್ 6ರಂದು ಮುಷ್ಕರ ಹೂಡಿತು. ಏಷ್ಯನ್, ಲ್ಯಾಟಿನೋ ವಿದ್ಯಾರ್ಥಿಗಳೂ ಕೂಡಿಕೊಂಡರು. ಕಪ್ಪು ವಿದ್ಯಾರ್ಥಿಗಳ 10, ಕೂಡಿಕೊಂಡವರ 5, ಒಟ್ಟು 15 ಬೇಡಿಕೆ. ಕಪ್ಪು ಜನರ ಚರಿತ್ರೆ, ಬದುಕನ್ನು ಕಲಿಸುವ ಬ್ಲ್ಯಾಕ್ ಸ್ಟಡೀಸ್ ವಿಭಾಗ ಬೇಕು, ಅದರ ಆಡಳಿತವೂ ಆ ವಿಭಾಗದವರ ಕೈಯಲ್ಲೇ ಇರಬೇಕು, ಅರ್ಜಿ ಹಾಕಿದ ಕಪ್ಪು ವಿದ್ಯಾರ್ಥಿಗಳಿಗೆಲ್ಲ ಸೀಟು ಕೊಡಬೇಕು, ಅಮಾನತುಗೊಂಡ ಅಧ್ಯಾಪಕ ಜಾರ್ಜ್ ಮರ್ರೆಯನ್ನು ವಾಪಸ್ ಕರೆಸಬೇಕು. ಡಿಸೆಂಬರ್ 2ರಂದು ಕಾಲೇಜಿನ ಹಂಗಾಮಿ ಅಧ್ಯಕ್ಷ ಹಯಕಾವಾ ತಾವೇ ವಿದ್ಯಾರ್ಥಿಗಳ ಮೈಕಿನ ವ್ಯಾನ್ ಹತ್ತಿ ವೈರು ಕಿತ್ತುಹಾಕಿದರು. ಜನವರಿಯಲ್ಲಿ ಒಂದೇ ದಿನ 400ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಆದರೂ ಹುಡುಗರು ಜಗ್ಗಲಿಲ್ಲ. 1969ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು. ವಿಭಾಗ ಬಂತು, ಎಥ್ನಿಕ್ ಸ್ಟಡೀಸ್‌ಗೆಂದೇ, ಅಂದರೆ ಇಂಥ ಬೇರೆ ಬೇರೆ ಜನಾಂಗಗಳ ಅಧ್ಯಯನಕ್ಕೆಂದೇ, ಒಂದು ಕಾಲೇಜು ಹುಟ್ಟಿತು, ಈಗಲೂ ಇದೆ. ಎಲ್ಲ ಬೇಡಿಕೆಯೂ ಈಡೇರಲಿಲ್ಲ. ಆ ವಿಭಾಗವನ್ನು ಕಟ್ಟಲೆಂದೇ ಬಂದಿದ್ದ ನೇಥನ್ ಹೇರ್ ಕೆಲಸ ಕಳೆದುಕೊಂಡರು. ಇದನ್ನು ಹೇಳುವಾಗ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ನಿಮ್ಮನ್ನು ಬೈದವರಿಗೆ ಹೇಳಿ: ಏನು ಓದಬೇಕು, ಯಾರು ಓದಬೇಕು ಎಂಬುದಕ್ಕೇ ಆ ಮಕ್ಕಳು ಹೋರಾಡಿದ್ದು. ಸ್ಕಾಲರ್‌ಶಿಪ್ ಬಾರದೆ ಮೆಸ್ ಬಿಲ್ ಕಟ್ಟಲಾಗದ ಹುಡುಗಿ ಊರಿಗೆ ಹೊರಟುಹೋದರೆ ಓದು ನಿಲ್ಲಿಸಿದವರು ಯಾರು?

ಇನ್ನೊಂದು ಮಾತು. ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಮನವಿ ಸಲ್ಲಿಕೆಯಾಗಿದೆ ಎಂದು ತಿಳಿದು, 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು ಅದರ ಎರಡು ಮೂರು ಪ್ರತಿ ಕೇಳಿದ್ದರು. ನಿಮ್ಮ ಮನವಿಯ ಪ್ರತಿ ನಿಮ್ಮಲ್ಲಿದೆಯೇ? ತಾರೀಖು, ಎಲ್ಲರ ಸಹಿ, ಕಚೇರಿಯ ಸೀಲು ಇದೆಯೇ? ಇಲ್ಲದಿದ್ದರೆ ಸೋಮವಾರವೇ ಹೋಗಿ ಹಾಕಿಸಿಕೊಳ್ಳಿ. ನನಗೂ ಒಂದು ಜೆರಾಕ್ಸ್ ಕಳಿಸಿ.